ನೆಲದ ಗೆರೆ, ಗೋಡೆಯ ಗೆರೆ: ಯಾದಗಿರಿ ಸೀಮೆಯ ಮನೆಗಳಿಗೆ ಟೈಲ್ಸ್ ಜೋಡಣೆ

ಮನೆ ಕಟ್ಟುವವರು ಟೈಲ್ಸ್ ಅಂಗಡಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಕೈಯಲ್ಲಿನ ಹಣ ಕರಗಿರುತ್ತದೆ, ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿರುತ್ತದೆ. ಪಾಯ, ಕಾಲಮ್, ಸ್ಲ್ಯಾಬ್‌ಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸಿದವರು, ಬದುಕಿರುವವರೆಗೂ ಕಾಲಿಡಬೇಕಾದ ನೆಲವನ್ನು ಒಂದೇ ಮಧ್ಯಾಹ್ನದಲ್ಲಿ ನಿರ್ಧರಿಸಿ ಬರುತ್ತಾರೆ. ಅಂಗಡಿಯಲ್ಲಿ ಕಾಣುವುದು ಗೋಡೆಗೆ ಆನಿಸಿ ನಿಲ್ಲಿಸಿದ ಒಂದೋ ಎರಡೋ ಟೈಲ್, ಅದರ ಮೇಲೆ ಬೀಳುವ ಬಿಳಿ ದೀಪ. ಮನೆಯಲ್ಲಿ ಕಾಣುವುದು ಐವತ್ತು ಟೈಲ್, ಅವುಗಳ ನಡುವೆ ಇನ್ನೂರು ಅಡಿಯಷ್ಟು ಉದ್ದದ ಸಂದಿನ ಗೆರೆ, ಬಾಗಿಲಿನಿಂದ ಓರೆಯಾಗಿ ಬರುವ ಬಿಸಿಲು. ನೆಲಕ್ಕೆ ರೂಪ ಕೊಡುವುದು ಬಹುಪಾಲು ಆ ಗೆರೆಗಳೇ. ಟೈಲಿನ ಮೇಲೆ ಅಚ್ಚಾದ ಚಿತ್ರಕ್ಕೆ ನಾವು ಕೊಡುವ ಗಮನದಲ್ಲಿ ಅರ್ಧದಷ್ಟನ್ನಾದರೂ ಗೆರೆಗಳಿಗೆ ಕೊಟ್ಟರೆ ಕಡಿಮೆ ಬೆಲೆಯ ಟೈಲ್ ಕೂಡ ಚೆನ್ನಾಗಿ ಕಾಣುತ್ತದೆ.

ಈ ಸೀಮೆಯ ಹಳೆಯ ಮನೆಗಳು ಇದಕ್ಕೆ ಸಾಕ್ಷಿ. ಯಾದಗಿರಿಯಿಂದ ಕಲಬುರಗಿ ಕಡೆಗೆ ರೈಲು ಹತ್ತಿದರೆ ನಾಲವಾರ, ವಾಡಿ ದಾಟಿ ಶಹಾಬಾದ್ ಬರುತ್ತದೆ. ಆ ಊರಿನ ಹೆಸರು ಹೊತ್ತ ಪರಸಿ ಕಲ್ಲು ಭೀಮಾ ತೀರದ ಸುಣ್ಣದ ಕಲ್ಲು. ಪದರು ಪದರಾಗಿ ಕೂತ ಕಲ್ಲಾದ್ದರಿಂದ ಗರಗಸವಿಲ್ಲದೆ, ಉಳಿ ಹಾರೆಗಳಿಗೇ ಚಪ್ಪಟೆಯಾಗಿ ಎದ್ದು ಬರುತ್ತದೆ. ಇದೇ ಕಲ್ಲಿನ ಪಟ್ಟಿ ಶಹಾಪುರ ತಾಲ್ಲೂಕಿನ ಗೋಗಿಯವರೆಗೂ ಹಬ್ಬಿದೆ. ತೆಲಂಗಾಣದ ತಾಂಡೂರ ಕಲ್ಲು ಕೂಡ ಇದೇ ಬಳಗದ್ದು. ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕಿತಲ್ಲ, ಆ ಸ್ತೂಪದ ಫಲಕಗಳೂ ಸುಣ್ಣದ ಕಲ್ಲಿನವೇ. ಎರಡು ಸಾವಿರ ವರ್ಷ ಬಾಳಿದ ವಸ್ತು ಕೈಗೆಟಕುವಷ್ಟು ಹತ್ತಿರದಲ್ಲಿದೆ ಎಂಬುದನ್ನು ಮನೆ ಕಟ್ಟುವವರು ಮರೆಯಬಾರದು ಎಂದೇ ನನ್ನ ಆಸೆ.

ಹಳೆಯ ಪಡಸಾಲೆಯ ಪರಸಿಗೆ ಹೂವಿಲ್ಲ, ಬಳ್ಳಿಯಿಲ್ಲ, ಹೊಳಪೂ ಇಲ್ಲ. ಆದರೆ ಕೆಲಸ ಬಲ್ಲ ಗೌಂಡಿ ಹೊಸ್ತಿಲ ನಡುವಿಗೆ ದಾರ ಹಿಡಿದು, ಅಲ್ಲಿಂದ ಒಳಗೋಡೆಯವರೆಗೆ ಗೆರೆ ಎಳೆದು ಕಲ್ಲು ಕೂಡಿಸಿರುತ್ತಾನೆ. ಅರೆತುಂಡುಗಳೆಲ್ಲ ಗೋಡೆಯ ಅಂಚಿಗೆ ಹೋಗಿರುತ್ತವೆ. ಬೂದು ನೀಲಿಯ ಕಲ್ಲಿನ ಮೇಲೆ ಬಿಳಿ ರಂಗೋಲಿ ಎದ್ದು ಕಾಣುತ್ತದೆ. ಹೊಳೆಯುವ ಕೆನೆಬಣ್ಣದ ಟೈಲಿನ ಮೇಲೆ ಅದೇ ರಂಗೋಲಿ ಇದ್ದೂ ಇಲ್ಲದಂತೆ. ದಿನವೂ ರಂಗೋಲಿ ಹಾಕುವ ಮನೆಯಾದರೆ ಬಾಗಿಲ ಮುಂದಿನ ನಾಲ್ಕಡಿ ಜಾಗಕ್ಕಾದರೂ ಕಪ್ಪು ಛಾಯೆಯ ಕಲ್ಲನ್ನು ಮೊದಲೇ ಎತ್ತಿಡಿ.

ಜೋಡಣೆಯ ಮಾತಿಗೆ ಮುಂಚೆ ನೆಲದ ಅಡಿಯ ಮಣ್ಣನ್ನು ನೋಡಲೇಬೇಕು. ಶಹಾಪುರ, ಸುರಪುರ ತಾಲ್ಲೂಕುಗಳ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿಬಿಡುತ್ತದೆ. ಪಾಯದೊಳಗೆ ಅದೇ ಎರೆಮಣ್ಣನ್ನು ತುಂಬಿ ಮೇಲೆ ಎಷ್ಟು ಬೆಲೆಯ ಟೈಲ್ ಹಾಕಿದರೂ ಎರಡು ಮಳೆಗಾಲದಲ್ಲಿ ಗೆರೆ ಅಲುಗುತ್ತದೆ, ಮೂಲೆ ಎದ್ದೇಳುತ್ತದೆ. ಎರೆ ತೆಗೆಸಿ ಗರಸು ತುಂಬಿಸಿ. ಅದನ್ನೂ ಒಂದೇ ಸಲ ಸುರಿಯದೆ ಅರ್ಧ ಅಡಿಯ ಪದರಾಗಿ ಹರಡಿ, ನೀರು ಹಾಕಿ ದಮ್ಮಸು ಮಾಡಿಸಿ. ಅದರ ಮೇಲೆ ಮೂರು ನಾಲ್ಕು ಇಂಚು ಕಾಂಕ್ರೀಟ್. ಸುರಪುರದ ಗುಡ್ಡದ ಮಗ್ಗುಲಲ್ಲಿ, ಯಾದಗಿರಿ ಕೋಟೆಯ ಬುಡದಲ್ಲಿ ಬಂಡೆಯ ಮೇಲೆ ಕಟ್ಟಿದ ಮನೆಗಳಿಗೆ ಈ ಕಾಟ ಕಡಿಮೆ. ಆದರೆ ಅಲ್ಲೊಂದು ಬೇರೆ ತೊಡಕು ಇರುತ್ತದೆ: ಹಳೆಯ ಕಲ್ಲುಗೋಡೆಗಳು ನೇರವಾಗಿರುವುದಿಲ್ಲ, ಕೋಣೆಯ ಮೂಲೆಗಳು ಗುನ್ಯಾಕ್ಕೆ ಕೂಡುವುದಿಲ್ಲ. ಕೋಣೆಯ ಎರಡು ಓರೆ ಅಳತೆಗಳನ್ನು, ಮೂಲೆಯಿಂದ ಎದುರು ಮೂಲೆಗೆ, ಟೇಪ್ ಹಿಡಿದು ನೋಡಿ. ಎರಡೂ ಸಮ ಬಂದರೆ ಕೋಣೆ ಚೌಕವಾಗಿದೆ. ಒಂದೆರಡು ಇಂಚು ವ್ಯತ್ಯಾಸ ಬಂದರೆ ಯಾವ ಗೋಡೆಯನ್ನು ಆಧಾರವಾಗಿ ಹಿಡಿಯಬೇಕು ಎಂದು ಟೈಲ್ ಕೊಳ್ಳುವ ಮೊದಲೇ ತೀರ್ಮಾನಿಸಬೇಕಾಗುತ್ತದೆ. ಬಾಗಿಲಿನಿಂದ ನೇರ ಕಣ್ಣಿಗೆ ಬೀಳುವ ಗೋಡೆಯನ್ನು ಹಿಡಿಯುವುದು ಒಳ್ಳೆಯದು. ಸೊಟ್ಟತನವೆಲ್ಲ ಕಪಾಟು, ಮಂಚದ ಕೆಳಗೆ ಹೋಗಲಿ.

ಇನ್ನು ಅಳತೆ. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಂಗಡಿಯವರು ‘ಎರಡಕ್ಕೆ ಎರಡು’ ಎನ್ನುವ ಟೈಲ್ ನಿಜವಾಗಿ ಎರಡಡಿ ಇರುವುದಿಲ್ಲ, 600 ಮಿಲಿಮೀಟರ್ ಇರುತ್ತದೆ. ಎರಡಡಿಗಿಂತ ಸುಮಾರು 10 ಮಿಲಿಮೀಟರ್ ಕಡಿಮೆ. ಗಿಲಾವ್ ಆದ ಮೇಲೆ ಸರಿಯಾಗಿ 12 ಅಡಿ ಅಗಲ, 15 ಅಡಿ ಉದ್ದ ಉಳಿದ ಪಡಸಾಲೆ ಇದೆ ಎಂದುಕೊಳ್ಳಿ. ಹನ್ನೆರಡಕ್ಕೆ ಆರು ಟೈಲ್ ಸರಿಹೋಯಿತು ಎಂದು ಬಾಯಿಲೆಕ್ಕ ಹೇಳುತ್ತದೆ. ಆದರೆ 12 ಅಡಿ ಎಂದರೆ 3,657 ಮಿಲಿಮೀಟರ್. ಆರು ಟೈಲ್, 3 ಮಿಲಿಮೀಟರಿನ ಸಂದುಗಳು ಸೇರಿದ ಮೇಲೆ ಕೊನೆಗೆ ಒಂದೂವರೆ ಇಂಚಿನ ಪಟ್ಟಿ ಉಳಿಯುತ್ತದೆ. ಗೋಡೆಯುದ್ದಕ್ಕೂ ಆ ಸಣ್ಣ ಪಟ್ಟಿ ಕತ್ತರಿಸಿ ತುಂಬಿದರೆ ಇಡೀ ನೆಲ ತೇಪೆ ಹಾಕಿದಂತೆ ಕಾಣುತ್ತದೆ. ಕತ್ತರಿಸುವಾಗ ಅಷ್ಟು ಸಣ್ಣ ತುಂಡು ಒಡೆಯುವುದೂ ಹೆಚ್ಚು.

ಪರಿಹಾರ ಸರಳ. ನಡುವೆ ಐದು ಇಡೀ ಟೈಲ್ ಇಟ್ಟು, ಎರಡೂ ಅಂಚಿಗೆ ಸಮನಾಗಿ 320 ಮಿಲಿಮೀಟರಿನಷ್ಟು ತುಂಡು ಬರುವಂತೆ ಗೆರೆಯನ್ನು ಸರಿಸಿ. ಅರ್ಧಕ್ಕಿಂತ ದೊಡ್ಡ ತುಂಡು ಎರಡೂ ಕಡೆ ಸಮನಾಗಿ ಬಂದರೆ ಅದು ಬೇಕೆಂದೇ ಮಾಡಿದ ಅಂಚಾಗಿ ಕಾಣುತ್ತದೆ. ಇದರಿಂದ ಟೈಲ್ ಬಹಳ ಹೆಚ್ಚು ಬೇಕಾಗುತ್ತದಲ್ಲ ಎನ್ನುವವರು ಲೆಕ್ಕ ಹಾಕಿ ನೋಡಿ. ಮೊದಲ ಕ್ರಮಕ್ಕೆ ಈ ಪಡಸಾಲೆಗೆ 49 ಟೈಲ್, ಎರಡನೆಯದಕ್ಕೆ 56. ಈ ಅಳತೆಯ ಟೈಲ್ ಸಾಮಾನ್ಯವಾಗಿ ಬಾಕ್ಸಿಗೆ ನಾಲ್ಕರಂತೆ ಬರುವುದರಿಂದ ಹದಿಮೂರು ಬಾಕ್ಸ್ ಒಂದೆಡೆ, ಹದಿನಾಲ್ಕು ಇನ್ನೊಂದೆಡೆ. ವ್ಯತ್ಯಾಸ ಒಂದೇ ಬಾಕ್ಸ್. ಆ ಒಂದು ಬಾಕ್ಸ್ ಉಳಿಸಲು ಹೋಗಿ ನೆಲದ ಅಂದ ಕೆಡಿಸಿಕೊಂಡ ಮನೆಗಳು ಊರ ತುಂಬ ಇವೆ. ‘ಒಟ್ಟು ಅಳತೆಗೆ ಶೇಕಡಾ ಹತ್ತು ಸೇರಿಸಿ ತನ್ನಿ’ ಎಂಬ ಮಾತನ್ನು ನಂಬಬೇಡಿ. ಚೌಕಳಿ ಹಾಳೆಯ ಮೇಲೆ ಕೋಣೆ ಬರೆದು, ಟೈಲುಗಳನ್ನು ಎಣಿಸಿ, ಒಡೆಯುವುದಕ್ಕೆಂದು ಮೇಲೆ ಒಂದು ಬಾಕ್ಸ್ ಸೇರಿಸಿ. ಶಾಲೆಗೆ ಹೋಗುವ ಮಕ್ಕಳಿಗೆ ಕೊಟ್ಟರೆ ಖುಷಿಯಿಂದ ಮಾಡುವ ಕೆಲಸ ಇದು.

ಅಂಚಿನ ಉಳಿಕೆಯನ್ನು ಪರಸಿಯಿಂದಲೇ ತುಂಬುವುದು ನನಗೆ ಬಹಳ ಇಷ್ಟವಾದ ದಾರಿ. ತಿಳಿ ಬಣ್ಣದ ಟೈಲಿನ ಸುತ್ತ ಅರ್ಧ ಅಡಿಯಿಂದ ಒಂದಡಿವರೆಗೆ ಪಾಲಿಶ್ ಮಾಡಿದ ಬೂದು ಶಹಾಬಾದ್ ಕಲ್ಲಿನ ಅಂಚು ಬಂದರೆ ಇಳಕಲ್ ಸೀರೆಗೆ ದಡಿ ಬಂದ ಹಾಗೆ ಕೋಣೆಗೆ ಒಂದು ಕಟ್ಟು ಬರುತ್ತದೆ. ಗೋಡೆ ಸೊಟ್ಟಗಿದ್ದರೆ ಆ ಸೊಟ್ಟತನವನ್ನು ಅಂಚೇ ನುಂಗುತ್ತದೆ. ಒಂದು ಎಚ್ಚರ: ಟೈಲ್ ಹತ್ತು ಮಿಲಿಮೀಟರ್ ಆಸುಪಾಸಿನ ದಪ್ಪ, ಪರಸಿ ಒಂದು ಇಂಚು ಅಥವಾ ಅದಕ್ಕೂ ಹೆಚ್ಚು. ಕಲ್ಲು ಬರುವ ಕಡೆ ತಳವನ್ನು ಅಷ್ಟು ತಗ್ಗಿಸಬೇಕೆಂದು ಗೌಂಡಿಗೆ ಕಾಂಕ್ರೀಟ್ ಹಾಕುವಾಗಲೇ ಹೇಳಿರಬೇಕು.

ಯಾವ ಜೋಡಣೆ ಯಾವ ಕೋಣೆಗೆ? ನೇರ ಚೌಕ ಜೋಡಣೆಯೇ ಮುಕ್ಕಾಲು ಪಾಲು ಮನೆಗಳಿಗೆ ಸರಿ. ಅದರಲ್ಲಿ ತುಂಡು ಕಡಿಮೆ, ಕೂಲಿ ಕಡಿಮೆ, ಒಂದು ಟೈಲ್ ಒಡೆದರೆ ಬದಲಿಸುವುದೂ ಸುಲಭ. ಗೌಂಡಿಗಳು ಡೈಮಂಡ್ ಎನ್ನುವ ಓರೆ ಜೋಡಣೆ ಚಿಕ್ಕ, ಚಚ್ಚೌಕ ಕೋಣೆಯನ್ನು ಕೊಂಚ ದೊಡ್ಡದಾಗಿ ತೋರಿಸುತ್ತದೆ, ಗೋಡೆಯ ಓರೆಕೋರೆಯನ್ನೂ ಮರೆಸುತ್ತದೆ. ಆದರೆ ಸುತ್ತಲೂ ತ್ರಿಕೋನದ ತುಂಡುಗಳು ಬೇಕಾದ್ದರಿಂದ ನೂರಕ್ಕೆ ಹತ್ತರಿಂದ ಹದಿನೈದು ಟೈಲ್ ಹೆಚ್ಚಿಗೆ ಬೇಕು. ಉದ್ದನೆಯ ಕಿರಿದಾದ ನಡುಮನೆಗೆ ಅದು ಒಪ್ಪುವುದಿಲ್ಲ.

ನಾಲ್ಕಡಿ ಉದ್ದದ 600 ಬೈ 1200 ಟೈಲ್‌ಗಳು ಈಗ ಎಲ್ಲೆಡೆ ಬಂದಿವೆ. ಇವುಗಳನ್ನು ಇಟ್ಟಿಗೆ ಗೋಡೆಯ ಹಾಗೆ ಅರ್ಧಕ್ಕೆ ಅರ್ಧ ಸರಿಸಿ ಜೋಡಿಸಲು ಬಿಡಬೇಡಿ. ಉದ್ದನೆಯ ಟೈಲ್ ಗೂಡಿನಲ್ಲಿ ಸುಡುವಾಗ ನಡುವೆ ಕೂದಲೆಳೆಯಷ್ಟು ಬಾಗಿರುತ್ತದೆ. ಒಂದರ ಉಬ್ಬಿದ ನಡುವಿನ ಪಕ್ಕಕ್ಕೆ ಇನ್ನೊಂದರ ತಗ್ಗಿದ ತುದಿ ಬಂದರೆ ಕಾಲಿಗೆ ಅಂಚು ತಾಕುತ್ತದೆ, ಸಂಜೆಯ ಓರೆ ಬೆಳಕಿನಲ್ಲಿ ಪ್ರತಿ ಅಂಚಿಗೂ ಒಂದು ನೆರಳು ಬೀಳುತ್ತದೆ. ಸರಿಸಲೇಬೇಕಿದ್ದರೆ ಉದ್ದದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸರಿಸಬಾರದು. ಮರದ ಹಲಗೆಯಂತೆ ಕಾಣುವ ಕಿರಿದಾದ ಟೈಲಿಗೂ ಇದೇ ಮಾತು.

ಹೆರಿಂಗ್‌ಬೋನ್, ಅಂದರೆ ಅಂಕುಡೊಂಕು ಜೋಡಣೆಗೆ ಮನಸೋತವರು ಬೀದರಿನ ಮಹಮೂದ್ ಗವಾನ್ ಮದರಸಾವನ್ನು ಒಮ್ಮೆ ನೋಡಿ ಬರಲಿ. 1472ರ ಆ ಕಟ್ಟಡದಲ್ಲಿ ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚಿನ ಅಂಕುಡೊಂಕು ಪಟ್ಟೆಗಳು ಇವತ್ತಿಗೂ ಕಾಣುತ್ತವೆ. ಅಲ್ಲಿ ಅದು ಕಣ್ತುಂಬುವುದು ನೋಡಲು ದೂರವಿರುವುದರಿಂದ, ಎತ್ತರವಿರುವುದರಿಂದ, ಅಕ್ಷರಗಳ ಪಟ್ಟಿ ಒಂದೆಡೆ, ಗೆರೆಗಳ ಪಟ್ಟಿ ಇನ್ನೊಂದೆಡೆ ಎಂದು ಪ್ರತಿಯೊಂದಕ್ಕೂ ಎಲ್ಲೆ ಹಾಕಿರುವುದರಿಂದ. ಮನೆಯಲ್ಲೂ ಹಾಗೆಯೇ ಎಲ್ಲೆ ಹಾಕಿಕೊಳ್ಳಿ: ದೇವರ ಮನೆಯ ಹಿಂಬದಿಯ ಗೋಡೆ, ಕೈತೊಳೆಯುವ ಬೇಸಿನ್ನಿನ ಹಿಂಭಾಗ, ಪ್ರವೇಶದ ಒಂದು ಚೌಕ. ಇಡೀ ಪಡಸಾಲೆಗೆ ಅಂಕುಡೊಂಕು ಹಾಕಿ ಅದರ ಮೇಲೆ ಸೋಫಾ, ಟೀಪಾಯಿ, ಜಮಖಾನೆ ಇಟ್ಟರೆ ಖರ್ಚಿನ ಅರ್ಧ ಕಾಣದೆಯೇ ಹೋಗುತ್ತದೆ. ಕಪ್ಪು ಬಿಳುಪಿನ ಚದುರಂಗದ ನೆಲವೂ ಸಣ್ಣ ಜಾಗದಲ್ಲಿ ಚೆಂದ. ಆದರೆ ಎರೆಮಣ್ಣಿನ ಹೆಜ್ಜೆ ಬಿಳಿಯ ಮೇಲೆ, ಸುಣ್ಣದ ಧೂಳು ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ದಿನಕ್ಕೆ ಎರಡು ಸಲ ಒರೆಸುವ ಕೈ ಮನೆಯಲ್ಲಿದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಅದು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೈ. ಬಣ್ಣ ಆರಿಸಲು ಅಂಗಡಿಗೆ ಹೋಗುವಾಗ ಅವರನ್ನು ಮನೆಯಲ್ಲೇ ಬಿಟ್ಟು ಹೋಗುವುದು ಸರಿಯಲ್ಲ.

ಸಂದೇ ಕಾಣಬಾರದು ಎಂದು ಹಲವರು ಹಟ ಹಿಡಿಯುತ್ತಾರೆ. ಟೈಲಿಗೆ ಟೈಲ್ ಅಂಟಿಸಿದ ನೆಲಕ್ಕೆ ಹಿಗ್ಗಲು ಜಾಗವಿರುವುದಿಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅಂಥ ನೆಲ ಒಂದು ದಿನ ನಡುವಿನಿಂದ ಗುಡಾರದ ಹಾಗೆ ಮೇಲೇಳಬಹುದು. ಎರಡರಿಂದ ಮೂರು ಮಿಲಿಮೀಟರಿನ ಸ್ಪೇಸರ್ ಹಾಕಿಸಿ, ಗೋಡೆಯ ಬುಡದಲ್ಲೂ ಸ್ವಲ್ಪ ಸಂದು ಬಿಡಿಸಿ; ಅದನ್ನು ಸ್ಕರ್ಟಿಂಗ್ ಮುಚ್ಚುತ್ತದೆ. ಸಂದಿನ ಬಣ್ಣ ಟೈಲಿನ ಬಣ್ಣಕ್ಕಿಂತ ಒಂದು ಛಾಯೆ ಗಾಢವಾಗಿರಲಿ. ಬಿಳಿ ಗ್ರೌಟ್ ಈ ಮಣ್ಣಿನಲ್ಲಿ ಒಂದು ವರ್ಷವೂ ಬಿಳಿಯಾಗಿ ಉಳಿಯುವುದಿಲ್ಲ.

ಈಗ ಒಂದೊಂದೇ ಕೋಣೆ. ಪಡಸಾಲೆಯಲ್ಲಿ ಸುಗ್ಗಿಯ ಹೊತ್ತಿಗೆ ತೊಗರಿ, ಭತ್ತದ ಚೀಲ ಇಳಿಸುವ ಮನೆಗಳು ನಾರಾಯಣಪುರ ಕಾಲುವೆಯ ಸೀಮೆಯಲ್ಲಿ ಸಾವಿರಾರು. ಚೀಲದಡಿಯ ಮರಳಿನ ಕಣ ಹೊಳೆಯುವ ಗ್ಲೇಜ್ಡ್ ಟೈಲನ್ನು ಗೀರುತ್ತದೆ. ಅಂಥವರು ಡಬಲ್ ಚಾರ್ಜ್ ಅಥವಾ ಫುಲ್ ಬಾಡಿ ವಿಟ್ರಿಫೈಡ್ ಕೇಳಬೇಕು; ಡಬಲ್ ಚಾರ್ಜ್‌ನಲ್ಲಿ ಬಣ್ಣ ಮೂರು ನಾಲ್ಕು ಮಿಲಿಮೀಟರ್ ಆಳದವರೆಗೂ ಇರುತ್ತದೆ, ಫುಲ್ ಬಾಡಿಯಲ್ಲಿ ತಳದವರೆಗೂ. ಅಥವಾ ಚೀಲ ಇಡುವ ಕೋಣೆಗೆ ಪಾಲಿಶ್ ಇಲ್ಲದ ಪರಸಿಯೇ ಇರಲಿ.

ಅಡುಗೆಮನೆಯಲ್ಲಿ ಕೆಳಗೆ ಕೂತು ರೊಟ್ಟಿ ತಟ್ಟುವ ರೂಢಿ ಇನ್ನೂ ಇದ್ದರೆ ನೆಲ ಮ್ಯಾಟ್ ಇರಲಿ, ಆದರೆ ಗುಳಿಗುಳಿಯಾದ ಮೇಲ್ಮೈ ಬೇಡ. ಜೋಳದ ಹಿಟ್ಟು ಗುಳಿಯಲ್ಲಿ ಕೂತು ಕಪ್ಪಾಗುತ್ತದೆ. ಒಲೆಕಟ್ಟೆಗೆ ಪಾಲಿಶ್ ಮಾಡಿದ ಪರಸಿಯನ್ನು ಹಾಕಬೇಡಿ ಎಂದು ಖಚಿತವಾಗಿ ಹೇಳುತ್ತೇನೆ. ಸುಣ್ಣದ ಕಲ್ಲಿಗೆ ಹುಳಿ ಆಗುವುದಿಲ್ಲ. ಹುಣಸೆಹಣ್ಣು, ನಿಂಬೆ, ಮಜ್ಜಿಗೆ ಬಿದ್ದ ಕಡೆ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಅಲ್ಲಿ ಗ್ರಾನೈಟ್ ಸರಿ. ಕಟ್ಟೆಯ ಮೇಲಿನ ಗೋಡೆಗೆ ಎರಡಡಿ ಎತ್ತರದವರೆಗೆ ಟೈಲ್ ಸಾಕು ಎನ್ನುತ್ತಾರೆ. ಒಗ್ಗರಣೆಯ ಹೊಗೆ, ಎಣ್ಣೆ ಅದಕ್ಕೂ ಮೇಲೆ ಹೋಗುತ್ತವೆ, ಆದ್ದರಿಂದ ಒಲೆಯ ಹಿಂದಿನ ಭಾಗವನ್ನಾದರೂ ಚಿಮಣಿ ಅಥವಾ ಕಪಾಟಿನವರೆಗೆ ಒಯ್ಯಿರಿ. ಹಣ್ಣಿನ ಬುಟ್ಟಿ, ಕಾಫಿ ಕಪ್ಪಿನ ಚಿತ್ರದ ಟೈಲ್ ಬೇಗ ಬೇಸರ ತರಿಸುತ್ತದೆ.

ಬಚ್ಚಲಲ್ಲಿ ಅಂದಕ್ಕಿಂತ ಕಾಲು ಮುಖ್ಯ. ಹೊಳಪಿನ ಟೈಲಿನ ಮೇಲೆ ಸಾಬೂನಿನ ನೀರು ಬಿದ್ದರೆ ಹಿರಿಯರ ಸೊಂಟದ ಎಲುಬು ಮುರಿಯಲು ಒಂದು ಕ್ಷಣ ಸಾಕು. ಜಾರಿಕೆಯನ್ನು ಅಳೆಯುವ ಆರ್ ಅಂಕ ಬಾಕ್ಸಿನ ಮೇಲೆ ಅಥವಾ ಕಂಪನಿಯ ಪುಸ್ತಕದಲ್ಲಿ ಇರುತ್ತದೆ. ಆರ್ 10 ಅಥವಾ ಆರ್ 11 ಕೇಳಿ. ನೆಲಕ್ಕೆ ಒಂದಡಿಯ ಸಣ್ಣ ಟೈಲೇ ಒಳ್ಳೆಯದು. ನೀರು ಕಿಂಡಿಯ ಕಡೆ ಹರಿಯಲು ಪ್ರತಿ ಅಡಿಗೆ ಕನಿಷ್ಠ ಅರೆಪಾವು ಇಂಚಿನಷ್ಟು, ಅಂದರೆ ಇಂಚಿನ ಎಂಟನೇ ಒಂದು ಭಾಗ ಇಳಿಜಾರು ಬೇಕು. ಎರಡಡಿಯ ಟೈಲನ್ನು ನಾಲ್ಕು ದಿಕ್ಕಿನಿಂದ ಬಗ್ಗಿಸಲು ಆಗುವುದಿಲ್ಲ, ಸಣ್ಣ ಟೈಲಿನ ಸಂದುಗಳೇ ಆ ಇಳಿಜಾರನ್ನು ಹೊರುತ್ತವೆ. ಒದ್ದೆ ಕಾಲಿಗೆ ಹಿಡಿತವನ್ನೂ ಅವೇ ಕೊಡುತ್ತವೆ.

ಬಚ್ಚಲಿನ ಗೋಡೆಗೆ ಅಂಗಡಿಯಲ್ಲಿ ತೋರಿಸುವ ಕ್ರಮ ಒಂದೇ: ಕೆಳಗೆ ಗಾಢ, ನಡುವೆ ಚಿತ್ರದ ಹೈಲೈಟರ್, ಮೇಲೆ ತಿಳಿ. ಐದಡಿ ಅಗಲದ ಬಚ್ಚಲನ್ನು ಮೂರು ಅಡ್ಡ ಪಟ್ಟಿಯಾಗಿ ಕತ್ತರಿಸಿದರೆ ಅದು ಇನ್ನೂ ಇಕ್ಕಟ್ಟಾಗಿ ಕಾಣುತ್ತದೆ. ಮೂರು ಗೋಡೆಗೆ ಒಂದೇ ತಿಳಿ ಬಣ್ಣ, ಶವರ್ ಇರುವ ಒಂದು ಗೋಡೆಗೆ ಮಾತ್ರ ನೆಲದಿಂದ ಮೇಲಿನವರೆಗೆ ಬೇರೆ ವಿನ್ಯಾಸ ಕೊಟ್ಟು ನೋಡಿ. ನೆಲಕ್ಕೆ 300 ಮಿಲಿಮೀಟರಿನದು, ಗೋಡೆಗೆ 300 ಬೈ 600 ಆರಿಸಿದರೆ ನೆಲದ ಗೆರೆ ಗೋಡೆಯ ಗೆರೆಯಾಗಿ ನೇರ ಮೇಲೇರುತ್ತದೆ. ಇದಕ್ಕೆ ಖರ್ಚೇನೂ ಹೆಚ್ಚಿಲ್ಲ, ಗೌಂಡಿಯ ತಾಳ್ಮೆ ಬೇಕು ಅಷ್ಟೇ. ಬೋರ್‌ವೆಲ್‌ನ ಗಡಸು ನೀರು ಬರುವ ಮನೆಯಲ್ಲಿ ಹೊಳೆಯುವ ಕಪ್ಪು ಟೈಲ್ ಖಂಡಿತ ಬೇಡ. ಪ್ರತಿ ಹನಿಯೂ ಒಣಗಿ ಬಿಳಿ ಚುಕ್ಕೆಯಾಗುತ್ತದೆ. ಅದನ್ನು ತೆಗೆಯಲು ಆಸಿಡ್ ಸುರಿದರೆ ಸಂದಿನ ಸಿಮೆಂಟ್ ತಿಂದುಹೋಗುತ್ತದೆ, ಪಕ್ಕದಲ್ಲಿ ಪರಸಿ ಇದ್ದರೆ ಅದೂ ಬುರುಗೆದ್ದು ಹಾಳಾಗುತ್ತದೆ. ಮಸುಕು ಬೂದು, ಕೆನೆ, ಮರಳು ಬಣ್ಣಗಳಲ್ಲಿ ಈ ಉಪ್ಪು ಅಷ್ಟಾಗಿ ಕಾಣುವುದಿಲ್ಲ.

ಗೋಡೆಯ ಟೈಲ್ ಬೇರೆ, ನೆಲದ ಟೈಲ್ ಬೇರೆ ಎಂಬುದನ್ನು ನೆನಪಿಡಿ. ಸಾಮಾನ್ಯ ಸೆರಾಮಿಕ್ ಗೋಡೆ ಟೈಲ್ ತನ್ನ ತೂಕದ ಶೇಕಡಾ ಹತ್ತಕ್ಕಿಂತ ಹೆಚ್ಚು ನೀರು ಹೀರಬಲ್ಲದು, ಮೆದು. ನೆಲಕ್ಕೆ ಹಾಕಿದರೆ ಒಡೆಯುತ್ತದೆ. ವಿಟ್ರಿಫೈಡ್ ಹೀರುವುದು ಶೇಕಡಾ ಅರ್ಧಕ್ಕಿಂತ ಕಡಿಮೆ. ಹೀರದ ಟೈಲಿಗೆ ಬರೀ ಸಿಮೆಂಟ್ ಹಾಲು ಹಿಡಿಯುವುದಿಲ್ಲ, ಆದ್ದರಿಂದ ಗೋಡೆಗೆ ವಿಟ್ರಿಫೈಡ್ ಹಾಕಿಸುವವರು ಟೈಲ್ ಅಡ್ಹೆಸಿವ್ ಬಳಸಲೇಬೇಕು. ಟೈಲ್ ಬಾಕ್ಸಿನ ಮೇಲೆ ಐಎಸ್ 15622, ಅಡ್ಹೆಸಿವ್ ಚೀಲದ ಮೇಲೆ ಐಎಸ್ 15477 ಇದೆಯೇ ನೋಡಿ.

ಮಾಳಿಗೆಯ ಮೇಲೆ ಹಾಕುವುದಾದರೆ ಬಿಳಿಯೊಂದೇ ಬಣ್ಣ. ಬಿಸಿಲನ್ನು ತಿರುಗಿಸಿ ಕಳಿಸುವ ಬಿಳಿ ಟೈಲ್, ಇಲ್ಲವೇ ಅಂಗಡಿಗಳಲ್ಲಿ ಒಡೆದು ಉಳಿದ ಬಿಳಿ ಚೂರುಗಳ ಚೈನಾ ಮೊಸಾಯಿಕ್, ಕೆಳಗಿನ ಕೋಣೆಯ ಕಾವನ್ನು ತಗ್ಗಿಸುತ್ತದೆ. ಅಂಗಳಕ್ಕೆ ಗಾಢ ಬಣ್ಣದ ಪಾರ್ಕಿಂಗ್ ಟೈಲ್ ಹಾಕಿಸಿದವರು ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಬಟ್ಟೆ ಒಣಹಾಕಲು ಹೋಗಲಾರರು.

ಕೊಳ್ಳುವ ದಿನ ಎರಡು ಕೆಲಸ ತಪ್ಪಿಸಬೇಡಿ. ಎಲ್ಲ ಬಾಕ್ಸುಗಳ ಮೇಲೂ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇರಬೇಕು. ಹೆಸರು ಒಂದೇ ಇದ್ದರೂ ಬ್ಯಾಚ್ ಬೇರೆಯಾದರೆ ಬಣ್ಣ ಬೇರೆಯಾಗುತ್ತದೆ. ಮಾರ್ಬಲ್ ಗೆರೆಯ ಅಚ್ಚಿನ ಟೈಲಾದರೆ ಎಷ್ಟು ಬಗೆಯ ಚಿತ್ರ ಬರುತ್ತದೆ ಎಂದು ಕೇಳಿ, ಒಂದು ಹತ್ತು ಹನ್ನೆರಡನ್ನು ಅಂಗಡಿಯ ಹೊರಗೆ ಹಗಲು ಬೆಳಕಿನಲ್ಲಿ ನೆಲಕ್ಕೆ ಹರಡಿಸಿ ನೋಡಿ. ಎರಡೇ ಚಿತ್ರ ಮರಳಿ ಮರಳಿ ಬರುತ್ತಿದ್ದರೆ ಪಡಸಾಲೆಯಲ್ಲಿ ಅದು ಅಚ್ಚೊತ್ತಿದ ಬಟ್ಟೆಯಾಗಿ ಕಾಣುತ್ತದೆ. ಹಾಕಿದ ಮೇಲೆ ಒಂದು ವಾರ ಬಿಟ್ಟು ನಾಣ್ಯದಿಂದ ಪ್ರತಿ ಟೈಲನ್ನೂ ತಟ್ಟಿ. ಪೊಳ್ಳು ಸದ್ದು ಬಂದದ್ದನ್ನು ಗೌಂಡಿಯ ಲೆಕ್ಕ ಚುಕ್ತಾ ಮಾಡುವ ಮೊದಲೇ ತೆಗೆಸಿ ಹಾಕಿಸಿ. ಉಳಿದ ಟೈಲ್‌ಗಳಲ್ಲಿ ನಾಲ್ಕನ್ನು ಬಾಕ್ಸಿನ ಚೀಟಿ ಸಮೇತ ಅಟ್ಟದ ಮೇಲೆ ಇಡಿ, ಮುಂದೆ ಪೈಪ್ ದುರಸ್ತಿಗೆ ನೆಲ ಒಡೆಯುವಾಗ ಬೇಕಾಗುತ್ತವೆ.

ಹಳೆಯ ಮನೆ ಕೆಡವಿ ಹೊಸದು ಕಟ್ಟುವವರಿಗೆ ಇನ್ನೊಂದು ಮಾತು. ಮುತ್ತಾತನ ಕಾಲದ ಪರಸಿಯನ್ನು ಸುತ್ತಿಗೆಯಿಂದ ಒಡೆದು ಟ್ರ್ಯಾಕ್ಟರಿಗೆ ತುಂಬಿ ಹೊರಗೆ ಚೆಲ್ಲಿಸಬೇಡಿ. ಸಂದಿನ ಗಾರೆ ಬಿಡಿಸಿ ಹಾರೆಯಿಂದ ನಿಧಾನವಾಗಿ ಎತ್ತಿಸಿದರೆ ಬಹುಪಾಲು ಕಲ್ಲು ಇಡಿಯಾಗಿ ಬರುತ್ತದೆ. ಮೇಲ್ಮೈ ಸವೆದಿದ್ದರೆ ಅದು ಇನ್ನಷ್ಟು ನುಣುಪಾಗಿರುತ್ತದೆ; ಅಂಚು ಮುರಿದಿದ್ದರೆ ಮಶಿನ್ನಿನಿಂದ ಒಂದೆರಡು ಇಂಚು ಕತ್ತರಿಸಿ ಚೌಕ ಮಾಡಿಸಬಹುದು. ದೊಡ್ಡ ಕಲ್ಲುಗಳನ್ನು ಹಿತ್ತಲು, ತುಳಸಿಕಟ್ಟೆಯ ಸುತ್ತ, ಬಾಗಿಲ ಮುಂದಿನ ರಂಗೋಲಿಯ ಜಾಗಕ್ಕೆ ಎತ್ತಿಡಿ, ಅರೆಬರೆ ತುಂಡುಗಳನ್ನು ಒಂದೇ ಅಗಲಕ್ಕೆ ಸೀಳಿಸಿ ಪಡಸಾಲೆಯ ಅಂಚಿಗೆ. ಎಷ್ಟು ಕಲ್ಲು ಸಿಕ್ಕಿತು ಎಂದು ಎಣಿಸಿದ ಮೇಲೆಯೇ ಟೈಲ್ಸ್ ಅಂಗಡಿಗೆ ಹೋಗಿ.